ಲಿಸ್ಟ್ರೊಸಾರಸ್‌ನ ದವಡೆಯನ್ನು ಮಾಡಿದ ಬಗೆ

ಮಂಡ್ಯ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವ ನಾನು, ಮಕ್ಕಳ ಕೈಗೆ ಕೊಡಲು ಪ್ರಾಚೀನ ಪ್ರಾಣಿಯೊಂದರ ಪಳೆಯುಳಿಕೆಯನ್ನು ನಮ್ಮ ಸುತ್ತಮುತ್ತ ಹುಡುಕುವಂತಿಲ್ಲ. ಇಲ್ಲಿನ ‘ನೈಸ್’ ಎಂಬ ಬಗೆಯ ಬಂಡೆಗಳು ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯವು. ಮೂಳೆಯುಳ್ಳ ಜೀವಿಗಳು ಕಾಣಿಸಿಕೊಂಡದ್ದು ಅದಾಗಿ ಎಷ್ಟೋ ಕಾಲಕ್ಕೆ. ಹಾಗಾಗಿ ಲಿಸ್ಟ್ರೊಸಾರಸ್ ಎಂಬ ಪ್ರಾಚೀನ ಪ್ರಾಣಿಯ ತಲೆಬುರುಡೆಯ ಮಾದರಿಯನ್ನು ನಾನೇ ಮಾಡಿದೆ.

ಎಲ್ಲರೂ ಬಯಸುವ ಡೈನೋಸಾರನ್ನು ಬಿಟ್ಟು ಇದನ್ನು ಆರಿಸಿಕೊಂಡದ್ದಕ್ಕೆ ಕಾರಣವಿದೆ. ಸುಮಾರು 25.2 ಕೋಟಿ ವರ್ಷಗಳ ಹಿಂದಿನ ಮಹಾ ಅಳಿವಿನಿಂದ ಪಾರಾದ ಈ ಸಸ್ಯಾಹಾರಿಯ ಮೂಳೆಗಳು ದಕ್ಷಿಣ ಆಫ್ರಿಕದಲ್ಲಿಯೂ, ನಮ್ಮ ದೇಶದಲ್ಲಿ ಪಶ್ಚಿಮ ಬಂಗಾಳದ ರಾಣಿಗಂಜ್ ಬಳಿಯ ಪಂಚೇತ್ ಎಂಬ ಶಿಲಾಪದರಗಳಲ್ಲಿಯೂ ದೊರೆತಿವೆ. 1969ರಲ್ಲಿ ಅಂಟಾರ್ಕ್ಟಿಕದಲ್ಲಿಯೂ ಸಿಕ್ಕಾಗ, ಈ ಭೂಭಾಗಗಳೆಲ್ಲ ಒಂದು ಕಾಲಕ್ಕೆ ಕೂಡಿಕೊಂಡಿದ್ದವೆಂಬ ವಾದಕ್ಕೆ ಬಲ ಬಂತು.

ಹಳೆಯ ಪತ್ರಿಕೆಗಳನ್ನು ನೆನೆಸಿ, ಮೆಂತ್ಯ ಸೇರಿಸಿ ರುಬ್ಬಿ, ತಂತಿಯ ಚೌಕಟ್ಟಿನ ಮೇಲೆ ಮೆತ್ತಿ ಒಣಗಿಸಿದೆ. ಮೂತಿ ಗಿಡ್ಡವಾಗಿ ಕೆಳಕ್ಕೆ ಬಾಗಿರಬೇಕು, ಮೂಗಿನ ಹೊಳ್ಳೆಗಳು ಮೇಲಕ್ಕಿರಬೇಕು. ಪ್ರತಿ ಕಣ್ಣಿನ ಗೂಡಿನ ಹಿಂದೆ ಒಂದೇ ಒಂದು ತೂತು ಬಿಟ್ಟೆ. ನೋಡಲು ಸರೀಸೃಪದಂತಿದ್ದರೂ ಇದು ಸಸ್ತನಿಗಳ ಕವಲಿಗೆ ಸೇರಿದ್ದೆಂಬುದಕ್ಕೆ ಆ ಒಂಟಿ ತೂತೇ ಗುರುತು. ಮೇಲ್ದವಡೆಗೆ ಎರಡು ಕೋರೆಹಲ್ಲುಗಳನ್ನು ಕೂರಿಸಿದೆ. ಅವುಗಳ ಹೊರತು ಬೇರೆ ಹಲ್ಲುಗಳಿಲ್ಲ. ಮೇಯುತ್ತಿದ್ದದ್ದು ಆಮೆಗಿರುವಂಥ ಕೊಂಬಿನ ಕೊಕ್ಕಿನಿಂದ.

ಹೆಚ್ಚು ಹೊತ್ತು ಹಿಡಿದದ್ದು ದವಡೆಯ ಕೀಲು. ಈ ಪ್ರಾಣಿಯ ಕೆಳದವಡೆ ತೆರೆದು ಮುಚ್ಚುವುದಷ್ಟೇ ಅಲ್ಲದೆ ಹಿಂದಕ್ಕೂ ಮುಂದಕ್ಕೂ ಜಾರುತ್ತಿತ್ತು. ಹಿಂದಕ್ಕೆ ಎಳೆಯುವಾಗಲೇ ಕೊಕ್ಕು ಸೊಪ್ಪನ್ನು ಕತ್ತರಿಸುತ್ತಿತ್ತು. ಬಾಗಿಲಿನ ತಿರುಗಣಿಯನ್ನು ಹಾಕಿದ್ದರೆ ಆ ಜಾರಾಟ ಬರುತ್ತಿರಲಿಲ್ಲ. ಆದ್ದರಿಂದ ಕೆಳದವಡೆಯ ಹಿಂಭಾಗದ ತಗಡಿನ ಪಟ್ಟಿಯಲ್ಲಿ ಉದ್ದನೆಯ ಸೀಳು ಕೊರೆದು, ಅದರೊಳಗೆ ಬೋಲ್ಟು ಸರಿದಾಡುವಂತೆ ಜೋಡಿಸಿದೆ. ಕೆನ್ನೆಯ ಕಮಾನಿನಿಂದ ಕೆಳದವಡೆಗೆ ಇಳಿಯುತ್ತಿದ್ದ ಸ್ನಾಯುವಿನ ಬದಲಿಗೆ ಸೈಕಲ್ ಟ್ಯೂಬಿನ ಪಟ್ಟಿಯನ್ನು ಓರೆಯಾಗಿ ಬಿಗಿದೆ. ಬಣ್ಣಕ್ಕಿಂತ ಈ ಎಳೆತದ ದಿಕ್ಕು ಸರಿಯಿರುವುದು ಮುಖ್ಯವೆಂದು ನನ್ನ ಅಭಿಪ್ರಾಯ. ಚರ್ಮದ ಬಣ್ಣವನ್ನು ಮೂಳೆ ಹೇಳುವುದಿಲ್ಲ, ಸ್ನಾಯು ಅಂಟಿದ್ದ ಜಾಗವನ್ನು ಹೇಳುತ್ತದೆ.

ದವಡೆಯನ್ನು ಆಡಿಸಿ ನೋಡುವಾಗ ಕಬ್ಬಿನ ಸೋಗೆಯನ್ನೇ ಇಡಬೇಕೆಂದು ಮಕ್ಕಳು ಹಟ ಹಿಡಿದರು. ಹುಲ್ಲಿನ ಜಾತಿಯ ಯಾವ ಗಿಡವೂ ಆ ಕಾಲದಲ್ಲಿ ಇರಲಿಲ್ಲವೆಂದು ತಿಳಿಸಿ, ಕುಂಡದಲ್ಲಿದ್ದ ಜರಿಗಿಡದ ಗರಿಯೊಂದನ್ನು ಇಟ್ಟೆವು.