ಗಂಧದ ಪೆಟ್ಟಿಗೆ ಮೇಲಿನ ಕುಸುರಿ ಬಳ್ಳಿ ಕೆತ್ತೋದು ಹೇಗೆ?

ಸಾಗರ, ಸೊರಬ, ಶಿರಸಿ, ಕುಮಟಾ ಕಡೆಯ ಗುಡಿಗಾರರು (ಕೆತ್ತನೆ ಕೆಲಸದ ಮನೆತನದವರು) ಮಾಡಿದ ಹಳೇ ಗಂಧದ ಪೆಟ್ಟಿಗೆ ನೋಡಿದೀರಾ? ಅಂಗೈಯಷ್ಟು ಮುಚ್ಚಳದ ಮೇಲೆ ಬಳ್ಳಿ, ಬಳ್ಳಿ ಸಂದೀಲಿ ನವಿಲು, ಆನೆ, ಬೆರಳಿಡೋಕೂ ಜಾಗ ಬಿಟ್ಟಿರಲ್ಲ. ಬೆಂಡಿನ ಬಾಸಿಂಗ ಮಾಡೋದೂ ಇದೇ ಮನೆತನದವರೇ, ಕೈ ಹಂಗೆ ಪಳಗಿರತ್ತೆ.

ಕಲಿಯೋರು ಮೊದಲೇ ಗಂಧಕ್ಕೆ ಕೈ ಹಾಕ್ಬೇಡಿ. ರೇಟ್ ಒಂದ್ಕಡೆ, ಮರ ನಿಮ್ ಹಿತ್ತಲಲ್ಲೇ ಇದ್ರೂ ಅರಣ್ಯ ಇಲಾಖೆ ಪರ್ಮಿಷನ್ ಇಲ್ದೆ ಕಡಿಯೋ ಹಾಗಿಲ್ಲ. ಚೆನ್ನಾಗಿ ಒಣಗಿದ, ಗಂಟಿಲ್ಲದ ಶಿವನಿ ಮರದ ಹಲಗೆ ಸಾಕು. ತೇಗ ಬೇಡ, ಅದರ ಎಳೆ ಒರಟು, ಸಣ್ಣ ಎಲೆ ತುದಿ ಮುರಿದುಹೋಗತ್ತೆ.

ಮೊದಲು ಚಿತ್ರ ಪೇಪರಲ್ಲಿ ಬರೆದು ಅಂಟಲ್ಲಿ ಹಲಗೆಗೆ ಅಂಟಿಸಿ, ಹಲಗೇನ ಮೇಜಿಗೆ ಕ್ಲಾಂಪ್ ಹಾಕಿ ಬಿಗಿ ಮಾಡಿ.

ಆಮೇಲೆ ಗೆರೆಯಿಂದ ಕೂದಲೆಳೆಯಷ್ಟು ಹೊರಗೆ ಉಳಿ ನೆಟ್ಟಗೆ ಹಿಡಿದು ಕೊಡತಿಯಲ್ಲಿ (ಮರದ ಸುತ್ತಿಗೆ) ಮೆಲ್ಲಗೆ ತಟ್ತಾ ಸುತ್ತ ಕಚ್ಚು ಹಾಕಿ, ಚಪ್ಪಟೆ ಉಳೀಲಿ ಹಿನ್ನೆಲೆ ಮರಾನ ನಾಲ್ಕೈದು ಮಿಲಿಮೀಟರ್ ತೆಗೀರಿ, ಒಂದೇ ಸಲ ಅಲ್ಲ, ಪದರ ಪದರವಾಗಿ.

ನಿಜವಾದ ಕೆಲಸ ಈಗ ಶುರು. ಯಾವ ದಂಟು ಯಾವ ಎಲೆ ಕೆಳಗೆ ಹೋಗತ್ತೆ ಅಂತ ನೋಡ್ಕೊಂಡು ಕೆಳಗಿನದನ್ನ ಇನ್ನೊಂಚೂರು ತಗ್ಗಿಸಿ, ಎಲೆ ಅಂಚು ದುಂಡಗೆ ಮಾಡ್ತಾ ಹೋಗಿ. ಬಳ್ಳಿ ತಿರುಗಿದ ಕಡೆ ಮರದ ಎಳೆಯ ದಿಕ್ಕೂ ಉಲ್ಟಾ ಆಗತ್ತೆ, ಉಳಿ ಜಾರೋದು ಬಿಟ್ಟು ಮರ ಕೀಳೋಕೆ ಶುರು ಮಾಡ್ತು ಅಂದ್ರೆ ಅಲ್ಲೇ ನಿಲ್ಲಿಸಿ, ಎದುರು ಕಡೆಯಿಂದ ಬನ್ನಿ. ಅರ್ಧ ವಿದ್ಯೆ ಇರೋದೇ ಇಲ್ಲಿ.

ಎಲೆ ಹಕ್ಕಿಗಳ ಅಡಿ ಟೊಳ್ಳು ಮಾಡೋದು ಆದಷ್ಟು ಕೊನೇಗೆ. ಕೆಳಗೆ ಆಸರೆ ಹೋದ್ಮೇಲೆ ಕೊಡತಿ ಏಟು ತಡಿಯಲ್ಲ, ಸಣ್ಣ ಉಳೀನ ಕೈಯಲ್ಲೇ ಒತ್ತಿ ತೆಗೀಬೇಕು. ಎಲೆ ನರ, ಹಕ್ಕಿ ಕಣ್ಣು ಎಲ್ಲಾ ಅದಾದ್ಮೇಲೆ. ಸ್ಯಾಂಡ್‌ಪೇಪರ್ ಜಾಸ್ತಿ ಉಜ್ಜಿದ್ರೆ ಚೂಪೆಲ್ಲ ಸತ್ತುಹೋಗತ್ತೆ, ಹರಿತವಾದ ಉಳಿ ಬಿಟ್ಟ ಗುರುತೇ ಚೆಂದ.

ಕೈ ಕುದುರಿ ಮುಂದೆ ಗಂಧದಲ್ಲಿ ಮಾಡಿದ್ರೆ ವಾರ್ನಿಷ್ ಬಳೀಬೇಡಿ, ಬಳಿದ್ರೆ ಪರಿಮಳ ಹೊರಗೆ ಬರದೆ ಒಳಗೇ ಉಳ್ಕೊಳ್ಳತ್ತೆ. ಹಳೇ ಪೆಟ್ಟಿಗೆ ಕೊಳ್ಳೋರಿಗೂ ಒಂದ್ ಮಾತು: ವಾಸನೆ ಇರೋದು ಚೇಗಿಗೆ, ಅಂದ್ರೆ ಮರದ ಒಳತಿರುಳಿಗೆ, ಹೊರಗಿನ ಬಿಳಿ ಮರಕ್ಕಲ್ಲ. ಬೇರೆ ಮರಕ್ಕೆ ಎಣ್ಣೆ ಸವರಿ ಮಾರೋರೂ ಇದಾರೆ, ಅಂಗಡಿಯವರು ಒಪ್ಪಿದ್ರೆ ತಳದಲ್ಲಿ ಸ್ವಲ್ಪ ಕೆರೆದು ಮೂಸಿ ನೋಡಿ.