ಲಗ್ಗರ್ ಚಾಣವೋ, ಶಾಹೀನೋ? ಫೋಟೋ ಹಾಕುವ ಮುನ್ನ ಇಷ್ಟು ನೋಡಿ

ಲಗ್ಗರ್, ಶಾಹೀನ್ ಎರಡೂ ಚಾಣಗಳೇ, ಅಂದರೆ ಫಾಲ್ಕನ್ ಗುಂಪಿನ ಬೇಟೆಹಕ್ಕಿಗಳು. ಬಯಲುಸೀಮೆಯ ವಿದ್ಯುತ್ ಕಂಬದ ಮೇಲೆ ದೊಡ್ಡ ಚಾಣ ಕಂಡರೆ ಮೊದಲು ತಲೆ ನೋಡಿ. ಲಗ್ಗರ್‌ನ ನೆತ್ತಿ ಕೆಂಗಂದು, ಹುಬ್ಬು ಬಿಳಿಚು, ಕಣ್ಣಿನ ಕೆಳಗಿನ ಮೀಸೆಪಟ್ಟಿ ತೆಳ್ಳಗಿನದು. ಶಾಹೀನ್‌ಗೆ ಕೆನ್ನೆವರೆಗೂ ಕಪ್ಪು ಟೋಪಿ, ಹೊಟ್ಟೆ ತುಕ್ಕುಗೆಂಪು.

ಆಮೇಲೆ ತೊಡೆ ಮತ್ತು ಪಕ್ಕೆ. ಬೆಳೆದ ಲಗ್ಗರ್‌ನ ಎದೆ ಬಿಳಿ, ತೊಡೆ, ಪಕ್ಕೆ ಗಾಢ ಕಂದು. ಹಾರುವಾಗಲೂ ಇದು ಚೆನ್ನಾಗಿ ಕಾಣುತ್ತದೆ, ನಾನು ಹೆಚ್ಚು ನಂಬುವ ಗುರುತು ಇದೇ.

ಹೆಚ್ಚಿನವರು ಎಡವುವುದು ಮರಿಗಳಲ್ಲಿ. ಎಳೆಯ ಲಗ್ಗರ್‌ನ ಹೊಟ್ಟೆಯೆಲ್ಲ ಕಂದು, ಕಾಲು ಹಳದಿಯಲ್ಲ, ನೀಲಿ-ಬೂದು. ಬಣ್ಣ ನೋಡಿ ಹದ್ದು (ಬ್ಲ್ಯಾಕ್ ಕೈಟ್) ಎಂದುಬಿಡುತ್ತಾರೆ. ಹದ್ದಿನ ಬಾಲ ಕವಲೊಡೆದಿರುತ್ತದೆ. ಚಾಣದ ರೆಕ್ಕೆ ಚೂಪು, ಮೇಲ್ಕೊಕ್ಕಿನ ಅಂಚಿನಲ್ಲಿ ಹಲ್ಲಿನಂಥ ಮೊನೆ.

ಗಾತ್ರವೊಂದನ್ನೇ ನೆಚ್ಚಬೇಡಿ. ಲಗ್ಗರ್ ಸುಮಾರು 40–46 ಸೆಂ.ಮೀ. ಉದ್ದ, ಹೆಣ್ಣು ಗಂಡಿಗಿಂತ ದೊಡ್ಡದು. ಶಾಹೀನ್‌ನ ಅಳತೆಯೂ ಹೆಚ್ಚುಕಡಿಮೆ ಅಷ್ಟೇ.

ಎದುರಿನಿಂದ ಒಂದು, ಪಕ್ಕದಿಂದ ಒಂದು ಫೋಟೋ ತೆಗೆಯಿರಿ. ಬೆಳಕು ಹಕ್ಕಿಯ ಹಿಂದಿದ್ದರೆ ಮೀಸೆಪಟ್ಟಿ ಕಾಣುವುದಿಲ್ಲ, ಕ್ಯಾಮೆರಾದ ಎಕ್ಸ್‌ಪೋಷರ್ ಒಂದು ಸ್ಟಾಪ್ (ಎರಡರಷ್ಟು ಬೆಳಕು) ಏರಿಸಿ. ಲಗ್ಗರ್ ಸಂಖ್ಯೆ ಕುಸಿಯುತ್ತಿದೆ. ಗೂಡು ಕಂಡರೆ ದಯವಿಟ್ಟು ಜಾಗದ ಹೆಸರು ಹಾಕಬೇಡಿ.