ರವೆನ್ನಾದ ಮೊಸಾಯಿಕ್ ಚರ್ಚುಗಳು: ಒಂದೂವರೆ ದಿನದಲ್ಲಿ ನೋಡಿದ ಕ್ರಮ

ಇಟಲಿಯ ರವೆನ್ನಾಕ್ಕೆ ಬರುವವರಲ್ಲಿ ಬಹಳಷ್ಟು ಜನ ಬೆಳಗ್ಗೆ ಬೊಲೊನ್ಯಾದಿಂದ ರೈಲು ಹತ್ತಿ ಸಂಜೆ ವಾಪಸ್ ಹೋಗುತ್ತಾರೆ. ಅಷ್ಟರಲ್ಲಿ ಊರೊಳಗಿನ ಚರ್ಚುಗಳು ಮುಗಿಯುತ್ತವೆ ನಿಜ, ಆದರೆ ಊರಾಚೆಯ ಎರಡು ಕಟ್ಟಡಗಳು ತಪ್ಪಿಹೋಗುತ್ತವೆ. ಅವುಗಳಲ್ಲಿ ಒಂದು ಇಡೀ ಊರಿನಲ್ಲೇ ನನಗೆ ಅತ್ಯಂತ ಮೆಚ್ಚಿನದು. ಹಾಗಾಗಿ ಒಂದು ರಾತ್ರಿ ತಂಗಿ, ಒಂದೂವರೆ ದಿನಕ್ಕೆ ಹಂಚಿಕೊಂಡು ನೋಡಿದೆ. ಆ ಕ್ರಮವನ್ನು ಕಾರಣಗಳ ಸಮೇತ ಇಲ್ಲಿ ಬರೆದಿದ್ದೇನೆ.

ಸ್ವಲ್ಪ ಇತಿಹಾಸ ತಲೆಯಲ್ಲಿದ್ದರೆ ನೋಡುವುದು ಸುಲಭ. 402ರಲ್ಲಿ ಹೊನೋರಿಯಸ್ ಪಶ್ಚಿಮ ರೋಮನ್ ಸಾಮ್ರಾಜ್ಯದ ರಾಜಧಾನಿಯನ್ನು ಮಿಲಾನ್‌ನಿಂದ ಇಲ್ಲಿಗೆ ತಂದ. 493ರಿಂದ 526ರವರೆಗೆ ಗಾಥ್ ದೊರೆ ಥಿಯೋಡೊರಿಕ್ ಆಳಿದ. 540ರಲ್ಲಿ ಊರು ಬೈಜಾಂಟಿಯಮ್‌ನ, ಅಂದರೆ ಪೂರ್ವ ರೋಮನ್ ಸಾಮ್ರಾಜ್ಯದ, ಕೈಸೇರಿತು. ಯುನೆಸ್ಕೋ 1996ರಲ್ಲಿ ಪಟ್ಟಿಗೆ ಸೇರಿಸಿದ ಎಂಟು ಕಟ್ಟಡಗಳೂ ಈ ಮೂರು ಕಾಲಗಳವೇ. ಒಂದು ಗೋಡೆಯ ಮುಂದೆ ನಿಂತಾಗ ಇದು ಮೂವರಲ್ಲಿ ಯಾರ ಕಾಲದ್ದು ಎಂದು ಕೇಳಿಕೊಂಡರೆ ಅರ್ಧ ಅರ್ಥವಾದಂತೆ.

ಎಲ್ಲರೂ ಗೊಂದಲಕ್ಕೆ ಬೀಳುವುದು ಟಿಕೆಟ್‌ನಲ್ಲಿ. ಎಂಟಕ್ಕೂ ಸೇರಿ ಒಂದೇ ಟಿಕೆಟ್ ಅಂತ ತಿಳಿಯಬೇಡಿ. ಸಾನ್ ವಿತಾಲೆ, ಗಾಲ್ಲಾ ಪ್ಲಾಚಿದಿಯಾ ಸಮಾಧಿ, ನಿಯೋನ್‌ನ ಬ್ಯಾಪ್ಟಿಸ್ಟರಿ (ದೀಕ್ಷಾಸ್ನಾನ ಕೊಡುವ ಕಟ್ಟಡ), ಸಾಂತ್ ಅಪೊಲ್ಲಿನಾರೆ ನುವೊವೊ, ಸಾಂತ್ ಅಂದ್ರೆಯಾ ಪ್ರಾರ್ಥನಾಗೃಹ ಇರುವ ಆರ್ಚ್‌ಬಿಷಪ್ ಮ್ಯೂಸಿಯಂ, ಈ ಐದೂ ಧರ್ಮಪ್ರಾಂತದ ಕೈಯಲ್ಲಿವೆ. ಇವಕ್ಕೆ ಒಂದು ಕೂಡುಟಿಕೆಟ್. ಏರಿಯನ್ (ಗಾಥರು ಅನುಸರಿಸುತ್ತಿದ್ದ ಕ್ರೈಸ್ತ ಪಂಥ) ಬ್ಯಾಪ್ಟಿಸ್ಟರಿ, ಥಿಯೋಡೊರಿಕ್‌ನ ಸಮಾಧಿ, ಊರಾಚೆಯ ಕ್ಲಾಸ್ಸೆಯಲ್ಲಿರುವ ಬೆಸಿಲಿಕಾ (ದೊಡ್ಡ ಚರ್ಚು) ಸರ್ಕಾರದವು; ಅವುಗಳ ಟಿಕೆಟ್ ಬೇರೆ. ಕೂಡುಟಿಕೆಟ್‌ನಲ್ಲಿ ಒಂದೊಂದು ಕಟ್ಟಡಕ್ಕೆ ಒಂದೇ ಸಲ ಪ್ರವೇಶ. ಊಟ ಮಾಡಿ ಮತ್ತೆ ಬರೋಣ ಅಂತ ಹೊರಬಂದರೆ ಮುಗಿಯಿತು. ಗಾಲ್ಲಾ ಪ್ಲಾಚಿದಿಯಾ ಮತ್ತು ನಿಯೋನ್ ಬ್ಯಾಪ್ಟಿಸ್ಟರಿಗೆ ಕೊಳ್ಳುವಾಗಲೇ ಸಮಯ ಗೊತ್ತುಮಾಡಬೇಕು. ಒಳಗೆ ಐದೇ ನಿಮಿಷ. ಉಳಿದ ದಿನವನ್ನೆಲ್ಲ ಈ ಎರಡು ಸಮಯಗಳ ಸುತ್ತ ಹೆಣೆಯಬೇಕು. ಎರಡರ ನಡುವೆ ಕನಿಷ್ಠ ಒಂದೂವರೆ ಗಂಟೆ ಬಿಡಿ. ಅರ್ಧ ಗಂಟೆ ಮಾತ್ರ ಬಿಟ್ಟರೆ ಸಾನ್ ವಿತಾಲೆಯಿಂದ ಓಡಿಬರಬೇಕಾಗುತ್ತದೆ, ಓಡಿಬರುವ ಚರ್ಚು ಅದಲ್ಲ. ತೆರೆದಿರುವ ಹೊತ್ತು ಚಳಿಗಾಲದಲ್ಲಿ ಕಡಿಮೆಯಾಗುತ್ತದೆ, ಹೊರಡುವ ಹಿಂದಿನ ದಿನ ನೋಡಿಕೊಳ್ಳಿ.

ಬೊಲೊನ್ಯಾದಿಂದ ರೀಜನಲ್ ರೈಲಿನಲ್ಲಿ ಸುಮಾರು ಒಂದೂಕಾಲು ಗಂಟೆ. ಸೀಟು ಕಾಯ್ದಿರಿಸುವುದಿಲ್ಲ, ಮೊದಲೇ ಕೊಂಡರೂ ಬೆಲೆ ಇಳಿಯುವುದಿಲ್ಲ. ಕಾಗದದ ಟಿಕೆಟ್ ಆದರೆ ಹತ್ತುವ ಮೊದಲು ಪ್ಲಾಟ್‌ಫಾರ್ಮಿನ ಯಂತ್ರದಲ್ಲಿ ಮೊಹರು ಒತ್ತಿಸಬೇಕು. ಮೊಬೈಲ್ ಟಿಕೆಟ್ ಆದರೆ ಹತ್ತುವ ಮೊದಲು ಅದರಲ್ಲೇ ಚೆಕ್-ಇನ್ ಮಾಡಬೇಕು. ದುಡ್ಡು ಕೊಟ್ಟು ಕೊಂಡಿದ್ದೀನಲ್ಲ ಎಂಬ ವಾದ ದಂಡ ಹಾಕುವವರ ಹತ್ತಿರ ನಡೆಯುವುದಿಲ್ಲ. ರೋಮ್ ಅಥವಾ ಮಿಲಾನ್ ಕಡೆಯಿಂದ ವೇಗದ ರೈಲಿನಲ್ಲಿ ಬಂದವರು ಬೊಲೊನ್ಯಾದಲ್ಲಿ ನೆಲದಡಿಯ 16ರಿಂದ 19ನೇ ಪ್ಲಾಟ್‌ಫಾರ್ಮಿನಲ್ಲಿ ಇಳಿಯಬಹುದು. ಅಲ್ಲಿಂದ ಮೇಲೆ ಬರಲು ಹತ್ತು ನಿಮಿಷವಾದರೂ ಬೇಕು, ಸೂಟ್‌ಕೇಸ್ ಇದ್ದರೆ ಇನ್ನೂ ಹೆಚ್ಚು.

ಜೊತೆಗೆ ಒಯ್ಯಬೇಕಾದ್ದು ಮುಖ್ಯವಾಗಿ ಒಂದು ಸಣ್ಣ ಬೈನಾಕ್ಯುಲರ್. 8×30 ಸಾಕು. ದೊಡ್ಡದು ಬೇಡ, ಕತ್ತು ಮೇಲೆತ್ತಿ ಹಿಡಿದಾಗ ಕೈ ನಡುಗಿ ಚಿತ್ರ ಅಲ್ಲಾಡುತ್ತದೆ. ಫೋನಿನಲ್ಲಿ ಜೂಮ್ ಮಾಡಿ ನೋಡುವುದು ಇದಕ್ಕೆ ಸಮವಲ್ಲ. ಮೊಸಾಯಿಕ್ ಅಂದರೆ ಸಣ್ಣ ಚೂರುಗಳನ್ನು ಗಾರೆಗೆ ಒತ್ತಿ ಮಾಡಿದ ಚಿತ್ರ. ಅದರ ಚಿನ್ನದ ಚೂರು ಎಂದರೆ ಎರಡು ಗಾಜಿನ ಪದರಗಳ ನಡುವೆ ಸಿಕ್ಕಿಸಿದ ತೆಳು ಚಿನ್ನದ ರೇಕು. ಅವನ್ನು ಸಮತಟ್ಟಾಗಿ ಕೂರಿಸದೆ ಬೇರೆಬೇರೆ ಓರೆಯಲ್ಲಿ ಗಾರೆಗೆ ಒತ್ತಿರುತ್ತಾರೆ. ಅದಕ್ಕೇ ಎರಡು ಹೆಜ್ಜೆ ಸರಿದರೆ ಹೊಳೆಯುವ ಚೂರುಗಳೂ ಬದಲಾಗುತ್ತವೆ. ಒಂದೇ ಜಾಗದಲ್ಲಿ ನಿಂತು ತೆಗೆದ ಫೋಟೋದಲ್ಲಿ ಇದು ಸಿಗುವುದಿಲ್ಲ. ಫ್ಲಾಶ್ ಹಾಕುವಂತಿಲ್ಲ. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಇರಲಿ.

ಮೊದಲ ದಿನ ಬೆಳಗ್ಗೆ ತೆರೆಯುವ ಹೊತ್ತಿಗೇ ಸಾನ್ ವಿತಾಲೆ. ಗಾಲ್ಲಾ ಪ್ಲಾಚಿದಿಯಾ ಅದೇ ಆವರಣದ ಹಿಂಬದಿಯಲ್ಲಿದೆ. ಅದಕ್ಕೆ ಒಂದು ಗಂಟೆ ಆಮೇಲಿನ ಸಮಯ ಹಾಕಿಸಿ. ಸಾನ್ ವಿತಾಲೆ ಎಂಟು ಮೂಲೆಯ ಕಟ್ಟಡ, ಪ್ರತಿಷ್ಠೆಯಾದದ್ದು 547ರಲ್ಲಿ. ಬಾಗಿಲು ದಾಟಿದ ಕೂಡಲೇ ಗುಮ್ಮಟದತ್ತ ಕತ್ತೆತ್ತುವುದು ಎಲ್ಲರ ಅಭ್ಯಾಸ, ಆದರೆ ಅಲ್ಲಿರುವುದು ಹದಿನೆಂಟನೇ ಶತಮಾನದ ಬಣ್ಣದ ಚಿತ್ರ. ಬಿಟ್ಟುಬಿಡಿ. ನೇರ ಪೂಜಾವೇದಿಕೆಯ ಕಡೆ ನಡೆಯಿರಿ. ಎಡಗೋಡೆಯಲ್ಲಿ ಬೈಜಾಂಟಿಯಮ್‌ನ ಚಕ್ರವರ್ತಿ ಜಸ್ಟಿನಿಯನ್, ಬಲಗೋಡೆಯಲ್ಲಿ ರಾಣಿ ಥಿಯೊಡೊರಾ, ಇಬ್ಬರ ಸುತ್ತಲೂ ಪರಿವಾರ. ಇಬ್ಬರೂ ರವೆನ್ನಾಕ್ಕೆ ಬಂದವರೇ ಅಲ್ಲ. ಜಸ್ಟಿನಿಯನ್‌ನ ಸಾಲಿನಲ್ಲಿ ಹೆಸರು ಬರೆದಿರುವುದು ಒಬ್ಬರದೇ: ಬಿಷಪ್ ಮ್ಯಾಕ್ಸಿಮಿಯಾನ್. ದೂರದ ಚಕ್ರವರ್ತಿಗಿಂತ ಊರಿನ ಬಿಷಪ್‌ಗೆ ತನ್ನ ಗುರುತು ಮುಖ್ಯವಾಗಿತ್ತು ಅನ್ನಿಸುತ್ತದೆ. ಥಿಯೊಡೊರಾಳ ಮೇಲಂಗಿಯ ಅಂಚಿಗೆ ಬೈನಾಕ್ಯುಲರ್ ಹಿಡಿಯಿರಿ: ಶಿಶು ಯೇಸುವಿಗೆ ಕಾಣಿಕೆ ಹೊತ್ತ ಮೂವರು ಜ್ಞಾನಿಗಳನ್ನು ಕಸೂತಿಯಂತೆ ಮೂಡಿಸಿದ್ದಾರೆ. ಇದೇ ಮೂವರು ಮಧ್ಯಾಹ್ನ ಇನ್ನೊಂದು ಚರ್ಚಿನಲ್ಲಿ ಆಳೆತ್ತರಕ್ಕೆ ಸಿಗುತ್ತಾರೆ.

ಇನ್ನು ಆ ಐದು ನಿಮಿಷ. ಗಾಲ್ಲಾ ಪ್ಲಾಚಿದಿಯಾ ಸಮಾಧಿ ಶಿಲುಬೆಯಾಕಾರದ ಪುಟ್ಟ ಇಟ್ಟಿಗೆ ಕಟ್ಟಡ, ಹೊರಗಿನಿಂದ ಉಗ್ರಾಣದ ಹಾಗಿದೆ. ಹೆಸರು ಸಮಾಧಿ ಅಂತಿದ್ದರೂ ಹೊನೋರಿಯಸ್‌ನ ಮಲತಂಗಿ ಗಾಲ್ಲಾ ಪ್ಲಾಚಿದಿಯಾ ತೀರಿಕೊಂಡದ್ದು 450ರಲ್ಲಿ, ರೋಮ್‌ನಲ್ಲಿ. ಕಿಟಕಿಗಳಿಗೆ ಗಾಜಿನ ಬದಲು ಅಲಬಾಸ್ಟರ್ ಕಲ್ಲಿನ ಹಲಗೆಗಳಿವೆ (1911ರಲ್ಲಿ ಕೂರಿಸಿದ್ದು), ಆದ್ದರಿಂದ ಒಳಗೆ ಜೇನಿನ ಬಣ್ಣದ ಮಂದ ಬೆಳಕು. ಬಿಸಿಲಿನಿಂದ ನೇರವಾಗಿ ನುಗ್ಗಿದರೆ ಮೊದಲ ಎರಡು ನಿಮಿಷ ಕತ್ತಲೆ ಬಿಟ್ಟು ಏನೂ ಕಾಣುವುದಿಲ್ಲ. ಇರುವ ಐದರಲ್ಲಿ ಎರಡು ಹೋಯಿತು. ಸರದಿಯಲ್ಲಿ ನಿಂತಿರುವಾಗ ಕಪ್ಪು ಕನ್ನಡಕ ಹಾಕಿಕೊಂಡಿದ್ದು ಬಾಗಿಲಲ್ಲಿ ತೆಗೆಯಿರಿ. ಫೋನ್ ಪರದೆ ನೋಡಬೇಡಿ. ಒಳಗೆ ಹೋದವರು ಮೊದಲು ಮಧ್ಯಕ್ಕೆ ನಡೆದು ಗುಮ್ಮಟ ನೋಡಿ: ಕಡುನೀಲಿ ಆಕಾಶ, ನೂರಾರು ಚಿನ್ನದ ನಕ್ಷತ್ರ, ನಡುವೆ ಶಿಲುಬೆ. ಎದುರು ಗೋಡೆಯಲ್ಲಿ ಬೆಂಕಿಯ ಮೇಲಿನ ಕಬ್ಬಿಣದ ಜಾಲರಿ, ಪಕ್ಕದಲ್ಲಿ ಸಂತ. ಎರಡು ಬದಿಗಳಲ್ಲಿ ನೀರಿಗೆ ಬಂದ ಜಿಂಕೆಗಳು. ಕೊನೆಯ ನಿಮಿಷಕ್ಕೆ ಹಿಂದೆ ತಿರುಗಿ: ನೀವು ಬಂದ ಬಾಗಿಲಿನ ಮೇಲೆಯೇ ಕುರಿಗಳ ನಡುವೆ ಕೂತ, ಗಡ್ಡವಿಲ್ಲದ ಯುವಕ ಕ್ರಿಸ್ತ. ಅನೇಕರು ಹೊರಡುವಾಗ ತಲೆ ತಗ್ಗಿಸಿಕೊಂಡು ಅವನ ಕೆಳಗೇ ನಡೆದುಹೋಗುತ್ತಾರೆ.

ನಿಯೋನ್ ಬ್ಯಾಪ್ಟಿಸ್ಟರಿ ಕ್ಯಾಥೆಡ್ರಲ್ ಪಕ್ಕದಲ್ಲಿದೆ. ಅಲ್ಲಿ ಗುಮ್ಮಟದ ನಡುವಿನ ಚಿತ್ರದಲ್ಲಿ ಯೊರ್ದಾನ್ ನದಿಯಲ್ಲಿ ಕ್ರಿಸ್ತನ ದೀಕ್ಷಾಸ್ನಾನ, ಸುತ್ತ ಹನ್ನೆರಡು ಶಿಷ್ಯರು. ಗಡ್ಡದ ಕ್ರಿಸ್ತನ ಮುಖ ಹಳೆಯದಲ್ಲ, ತೀರ ಈಚಿನ ಶತಮಾನಗಳ ರಿಪೇರಿಯಲ್ಲಿ ಸೇರಿಸಿದ್ದು. ಇದು ಗೊತ್ತಾಗಲು ಏರಿಯನ್ ಬ್ಯಾಪ್ಟಿಸ್ಟರಿಯನ್ನೂ ಅದೇ ದಿನ ನೋಡಬೇಕು. ಥಿಯೋಡೊರಿಕ್‌ನ ಕಾಲದ ಅಲ್ಲಿನ ಗುಮ್ಮಟದಲ್ಲಿ ಅದೇ ದೃಶ್ಯ, ಆದರೆ ಕ್ರಿಸ್ತನಿಗೆ ಗಡ್ಡವಿಲ್ಲ. ಯೊರ್ದಾನ್ ನದಿ ಮುದುಕನ ರೂಪದಲ್ಲಿ ಪಕ್ಕದಲ್ಲಿ ಕೂತಿದೆ, ತಲೆಯ ಮೇಲೆ ಏಡಿಯ ಕೊಂಡಿಗಳು! ಏರಿಯನ್ ಬ್ಯಾಪ್ಟಿಸ್ಟರಿಯಲ್ಲಿ ಉಳಿದ ಗೋಡೆಗಳು ಬೋಳು, ಹದಿನೈದು ನಿಮಿಷ ಸಾಕು. ರೈಲು ನಿಲ್ದಾಣದಿಂದ ಊರ ನಡುವಿನ ಚೌಕಕ್ಕೆ ಹೋಗುವ ದಾರಿಯ ಬಲಕ್ಕೆ ಒಂದು ಸಣ್ಣ ಗಲ್ಲಿಯಲ್ಲಿದೆ.

ಸಾಂತ್ ಅಪೊಲ್ಲಿನಾರೆ ನುವೊವೊಗೆ ನಾನು ನಡುಮಧ್ಯಾಹ್ನ ಇಟ್ಟುಕೊಂಡೆ. ಉದ್ದನೆಯ ಹಜಾರ, ಎಡಗೋಡೆಯಲ್ಲಿ 22 ಕನ್ಯೆಯರ ಮೆರವಣಿಗೆ, ಅವರ ಮುಂದೆ ಆ ಮೂವರು ಜ್ಞಾನಿಗಳು. ಬಲಗೋಡೆಯಲ್ಲಿ 26 ಹುತಾತ್ಮರು. ದಕ್ಷಿಣದ ಕಿಟಕಿಗಳ ಬೆಳಕು ಎಡಗೋಡೆಯ ಮೇಲೆ ಬೀಳುವುದರಿಂದ ಕನ್ಯೆಯರು ಆಗ ಚೆನ್ನಾಗಿ ಕಾಣುತ್ತಾರೆ. ಬಲಗೋಡೆ ನೋಡುವಾಗ ಕಿಟಕಿಗಳು ಕಣ್ಣು ಕುಕ್ಕುತ್ತವೆ, ಅಂಗೈ ಅಡ್ಡ ಹಿಡಿಯಿರಿ. ಅದೇ ಗೋಡೆಯ ಬಾಗಿಲ ಕಡೆಯ ತುದಿಯಲ್ಲಿ ಥಿಯೋಡೊರಿಕ್‌ನ ಅರಮನೆ ಇದೆ. ಕಂಬಗಳ ನಡುವೆ ಬಿಳಿ ಪರದೆಗಳು. ಬೈನಾಕ್ಯುಲರ್ ಕಂಬಗಳ ಮೇಲೆ ನಿಲ್ಲಿಸಿದರೆ ದೇಹವಿಲ್ಲದ ಕೈಗಳು, ಬೆರಳುಗಳು ಕಾಣುತ್ತವೆ. ಊರು ಬೈಜಾಂಟಿಯಮ್‌ಗೆ ಹೋದ ಮೇಲೆ ಗಾಥ್ ಆಸ್ಥಾನದವರ ಚಿತ್ರಗಳನ್ನು ಕಿತ್ತು ಪರದೆ ಕೂರಿಸಿದರು. ಕಂಬದ ಮೇಲೆ ಚಾಚಿದ್ದ ಕೈಗಳನ್ನು ಕೀಳದೆ ಬಿಟ್ಟರು. ಇಡೀ ಊರಿನ ರಾಜಕೀಯ ಆ ಕೈಗಳಲ್ಲಿದೆ.

ಸಂಜೆಗೆ ದಾಂತೆಯ ಸಮಾಧಿ. ಫ್ಲಾರೆನ್ಸ್‌ನಿಂದ ಗಡಿಪಾರಾಗಿದ್ದ ಕವಿ 1321ರಲ್ಲಿ ಸತ್ತದ್ದು ಇಲ್ಲೇ. ಪಕ್ಕದ ಸಾನ್ ಫ್ರಾಂಚೆಸ್ಕೋ ಚರ್ಚಿನ ನೆಲಮಾಳಿಗೆಯಲ್ಲಿ ಅಂತರ್ಜಲ ನಿಂತು ಮೀನುಗಳು ಓಡಾಡುತ್ತವೆ. ದೀಪ ಹತ್ತಲು ನಾಣ್ಯ ಹಾಕಬೇಕು, ಚಿಲ್ಲರೆ ಇಟ್ಟುಕೊಳ್ಳಿ.

ಸಸ್ಯಾಹಾರಿಗಳಿಗೆ ಒಂದು ಮಾತು. ಊರ ತುಂಬ ಸಿಗುವ ಪಿಯಾದೀನಾ ನೋಡಲು ನಮ್ಮ ಚಪಾತಿಯಂತೆಯೇ ಇದ್ದರೂ ಹಿಟ್ಟಿಗೆ ಸಾಂಪ್ರದಾಯಿಕವಾಗಿ ಹಂದಿಯ ಕೊಬ್ಬು ಸೇರಿಸುತ್ತಾರೆ; ಅದನ್ನು ‘ಸ್ತ್ರುತ್ತೋ’ ಅನ್ನುತ್ತಾರೆ. ಚೀಸ್ ಮಾತ್ರ ಹಾಕಿಸಿಕೊಂಡರೆ ಸಾಲದು, ‘ಸೆಂಜಾ ಸ್ತ್ರುತ್ತೋ’ (ಕೊಬ್ಬು ಇಲ್ಲದ್ದು) ಎಂದು ಕೇಳಿ. ಆಲಿವ್ ಎಣ್ಣೆಯಲ್ಲಿ ಕಲಸಿದ್ದು ಹಲವು ಕಡೆ ಸಿಗುತ್ತದೆ. ಕಪ್ಪೆಲ್ಲೆತ್ತಿ ಎಂಬ ಪಾಸ್ತಾದೊಳಗೆ ಬರೀ ಚೀಸ್ ಇದ್ದರೂ ಅದನ್ನು ಬಡಿಸುವುದು ಸಾಮಾನ್ಯವಾಗಿ ಮಾಂಸದ ಸಾರಿನಲ್ಲಿ.

ಎರಡನೇ ದಿನ ಬೆಳಗ್ಗೆ ಥಿಯೋಡೊರಿಕ್‌ನ ಸಮಾಧಿ, ನಿಲ್ದಾಣದ ಆಚೆ ಬದಿಗೆ ಇಪ್ಪತ್ತು ನಿಮಿಷದ ನಡಿಗೆ. ಮೊಸಾಯಿಕ್ ಇಲ್ಲ. ನೋಡಬೇಕಾದ್ದು ಚಾವಣಿ: ಹತ್ತು ಮೀಟರಿಗೂ ಹೆಚ್ಚು ಅಗಲದ ಒಂದೇ ಕಲ್ಲು, ತೂಕ ಇನ್ನೂರು ಟನ್‌ಗೂ ಮೇಲೆ. ಅಂಚಿನಲ್ಲಿ ಹನ್ನೆರಡು ಹಿಡಿಕೆಗಳಂಥ ಚಾಚುಗಳಿವೆ, ಮೇಲೆ ಉದ್ದನೆಯ ಬಿರುಕೂ ಇದೆ. ಮುಕ್ಕಾಲು ಗಂಟೆ ಸಾಕು.

ಮಧ್ಯಾಹ್ನಕ್ಕೆ ಕ್ಲಾಸ್ಸೆ. ಸುಮಾರು ಐದು ಕಿಲೋಮೀಟರ್, ನಿಲ್ದಾಣದಿಂದ 4ನೇ ನಂಬರ್ ಬಸ್. ಹೋಗಲು ಬರಲು ಎರಡೂ ಟಿಕೆಟ್ ‘ತಬಾಕ್ಕಿ’ (ತಂಬಾಕಿನ) ಅಂಗಡಿಯಲ್ಲಿ ಮೊದಲೇ ಕೊಂಡಿಡಿ. ರಿಮಿನಿ ಕಡೆಯ ರೈಲೂ ಅಲ್ಲಿ ನಿಲ್ಲುತ್ತದೆ, ಆದರೆ ಎಲ್ಲ ರೈಲೂ ಅಲ್ಲ. ಬೆಳಗ್ಗೆ ಹೋಗಬಾರದು: ಪೂಜಾವೇದಿಕೆ ಪೂರ್ವಕ್ಕಿದೆ, ಅಲ್ಲಿನ ಕಿಟಕಿಗಳ ಬೆಳಕು ಮುಖಕ್ಕೆ ಹೊಡೆದು ಮೇಲಿನ ಮೊಸಾಯಿಕ್ ಕಪ್ಪಾಗಿ ಕಾಣುತ್ತದೆ. ಭಾನುವಾರ ಬೆಳಗ್ಗೆ ಪೂಜೆಯೂ ಇರುತ್ತದೆ. 549ರಲ್ಲಿ ಪ್ರತಿಷ್ಠೆಯಾದ ಈ ಬೆಸಿಲಿಕಾದ ಗೋಡೆಗಳು ಬರೀ ಇಟ್ಟಿಗೆ, ಯಾಕೆಂದರೆ ಅಮೃತಶಿಲೆಯ ಹೊದಿಕೆಯನ್ನು ಹದಿನೈದನೇ ಶತಮಾನದಲ್ಲಿ ರಿಮಿನಿಯ ದೊರೆ ಸಿಜಿಸ್ಮೊಂದೊ ಮಲತೆಸ್ತಾ ತನ್ನ ಚರ್ಚಿಗೆ ಕಿತ್ತೊಯ್ದ. ಕಂಬಗಳು ಉಳಿದವು, 24 ಇವೆ. ಅವುಗಳ ತಲೆಯಲ್ಲಿ ಕೆತ್ತಿದ ಎಲೆಗಳು ಗಾಳಿಗೆ ಹೊರಳಿದಂತಿವೆ. ಎದುರಿಗೆ ಹಸಿರು ಹುಲ್ಲುಗಾವಲು, ಮೇಲೆ ನಕ್ಷತ್ರಗಳ ನೀಲಿ ವೃತ್ತದಲ್ಲಿ ಶಿಲುಬೆ, ಅದರಡಿ ಕೈಯೆತ್ತಿ ನಿಂತ ಸಂತ ಅಪೊಲ್ಲಿನಾರೆ. ಕಾಲ ಬಳಿ ಹನ್ನೆರಡು ಕುರಿ. ಸ್ವಲ್ಪ ಮೇಲೆ ಬೇರೆಯಾಗಿ ನಿಂತ ಮೂರು ಕುರಿಗಳು ಪೇತ್ರ, ಯಾಕೋಬ, ಯೋಹಾನ. ಮೋಶೆ ಮತ್ತು ಎಲೀಯ ಮೋಡದಿಂದ ಅರ್ಧ ಹೊರಬಂದಿದ್ದಾರೆ. ಇಲ್ಲಿ ಐದು ನಿಮಿಷದ ಕಾವಲು ಯಾರೂ ಹಾಕಿಲ್ಲ. ಹಜಾರದ ನಡುವೆ ಕೂತು, ಪಶ್ಚಿಮದ ಕಿಟಕಿಗಳ ಬೆಳಕು ಒಳಗೆ ಬರುವವರೆಗೆ ಕಾಯಬಹುದು. ವಾಪಸ್ ಬಸ್ಸಿನ ಹೊತ್ತು ಮಾತ್ರ ಇಳಿದಾಗಲೇ ಎದುರು ಬದಿಯ ನಿಲ್ದಾಣದ ಫಲಕದಲ್ಲಿ ನೋಡಿಟ್ಟುಕೊಳ್ಳಿ, ಭಾನುವಾರ ಬಸ್ಸು ಕಡಿಮೆ.